ಗಾಯದ ಅಂಟು, ಗಣಿಯ ಮದ್ದು

ಬೆಂಗಳೂರಿನಿಂದ ಜೋಲಾರಪೇಟೆಯ ಕಡೆಗೆ ಹೋಗುವ ರೈಲು ಬಂಗಾರಪೇಟೆಯಲ್ಲಿ ನಿಂತಾಗ, ಅಲ್ಲಿಂದ ಕವಲೊಡೆದು ಮಾರಿಕುಪ್ಪದತ್ತ ಸಾಗುವ ಹಳಿಯನ್ನು ಓದುಗರಲ್ಲಿ ಅನೇಕರು ನೋಡಿರಬಹುದು. ಕಮಿಷನರ್ ಬೌರಿಂಗ್ ಸಾಹೇಬರ ಹೆಸರಿನಿಂದ ಆ ಊರು ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಕಾಲದಲ್ಲಿ, 1894ರಲ್ಲಿ, ಚಿನ್ನದ ಗಣಿಗಾಗಿ ತೆರೆದ ದಾರಿ ಅದು. ಗಣಿಯ ಚರಿತ್ರೆಯೆಂದರೆ ಚಿನ್ನದ ತೂಕ, ಸುರಂಗದ ಆಳ, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತು, ಇಷ್ಟನ್ನು ಹೇಳಿ ಮುಗಿಸುವುದು ನಮ್ಮ ರೂಢಿ. ಅಷ್ಟು ಬಂಡೆಯನ್ನು ಒಡೆದದ್ದು ಯಾವುದು ಎಂದು ಕೇಳುವವರು ಕಡಿಮೆ. ಕೇಳಿದರೆ ಸಿಕ್ಕುವ ಉತ್ತರ ವಿಚಿತ್ರವಾಗಿದೆ: ಆ ಕೆಲಸದಲ್ಲಿ ಹತ್ತಿಗೂ ಒಂದು ಪಾಲುಂಟು.

ಹತ್ತಿ, ಮರ, ಹುಲ್ಲು ಇವೆಲ್ಲವುಗಳ ನಾರಿಗೆ ಮೂಲವಾದ ವಸ್ತು ಸೆಲ್ಯುಲೋಸ್. ಸಕ್ಕರೆಯ ಅಣುಗಳು ಮಣಿಸರದಂತೆ ಪೋಣಿಸಿಕೊಂಡು ಆದ ದಾರ ಅದು. 1846ರಲ್ಲಿ ಬಾಸೆಲ್ ನಗರದ ಷೋನ್‌ಬೈನ್ ಎಂಬ ರಸಾಯನ ವಿಜ್ಞಾನಿ ಹತ್ತಿಯನ್ನು ನೈಟ್ರಿಕ್ ಮತ್ತು ಗಂಧಕಾಮ್ಲಗಳ ಮಿಶ್ರಣದಲ್ಲಿ ಅದ್ದಿ, ಕಿಡಿ ತಾಕಿದರೆ ಭುಗ್ಗೆನ್ನುವ ಸಿಡಿಹತ್ತಿಯನ್ನು ಪಡೆದ. ಅದೇ ಬಗೆಯ, ಸ್ವಲ್ಪ ಸೌಮ್ಯವಾದ ಹತ್ತಿಯನ್ನು ಈಥರ್ ಮತ್ತು ಮದ್ಯಸಾರದಲ್ಲಿ ಕರಗಿಸಿದರೆ ಕೊಲೋಡಿಯನ್ ಎಂಬ ಅಂಟಾಗುತ್ತದೆ. ಚರ್ಮಕ್ಕೆ ಹಚ್ಚಿದರೆ ಅದು ಒಣಗಿ ತೆಳುವಾದ ಪೊರೆಯಾಗಿ ಗಾಯವನ್ನು ಮುಚ್ಚುತ್ತದೆ. 1848ರ ಹೊತ್ತಿಗೆ ವೈದ್ಯರು ಇದನ್ನು ಬಳಸತೊಡಗಿದ್ದರು.

ಆಲ್‌ಫ್ರೆಡ್ ನೊಬೆಲ್ ಒಮ್ಮೆ ಬೆರಳು ಕೊಯ್ದುಕೊಂಡು ಈ ಕೊಲೋಡಿಯನ್ ಹಚ್ಚಿಕೊಂಡನಂತೆ. ನೋವಿನಿಂದ ನಿದ್ದೆ ಬಾರದ ಆ ರಾತ್ರಿ, ಇದನ್ನೇ ನೈಟ್ರೋಗ್ಲಿಸರಿನ್ನಿಗೆ ಬೆರಸಿದರೆ ಹೇಗೆಂದು ಅವನಿಗೆ ಹೊಳೆಯಿತಂತೆ. ಕಥೆ ಹೇಗಾದರೂ ಇರಲಿ, 1875ರಲ್ಲಿ ಹುಟ್ಟಿದ ಬ್ಲಾಸ್ಟಿಂಗ್ ಜೆಲಟಿನ್ ಮಾತ್ರ ನಿಜ. ಅದರಲ್ಲಿ ನೂರಕ್ಕೆ ಸುಮಾರು ಎಂಟು ಪಾಲು ಈ ಹತ್ತಿಯೇ. ಡೈನಮೈಟಿಗಿಂತ ಬಲವಾದ, ನೀರಿಗೂ ಹೆದರದ ಈ ಮದ್ದು ಗಣಿಗಳನ್ನು ಸೇರಲು ಹೆಚ್ಚು ಕಾಲ ಹಿಡಿಯಲಿಲ್ಲ. ನಮ್ಮವರ ಬಾಯಲ್ಲಿ ಜೆಲಟಿನ್ ಕಡ್ಡಿ ಎಂಬ ಮಾತು ನೆಲೆಸಿದ್ದೂ ಹೀಗೆಯೇ.

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಗಣಿಗೆ ಕಾಲಿಟ್ಟದ್ದು 1880ರಲ್ಲಿ. ಬಂಡೆಗೆ ಕುಳಿ ಕೊರೆಯುವುದು, ಮದ್ದು ತುಂಬುವುದು, ಸಿಡಿಸುವುದು, ಚೂರನ್ನು ಮೇಲೆತ್ತುವುದು, ಹೀಗೆ ಮುಂದಿನ 120 ವರ್ಷ ನಡೆದ ಕೆಲಸದಿಂದ ಸುಮಾರು 800 ಟನ್ ಚಿನ್ನ ಹೊರಬಂದಿತು; ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳಕ್ಕಿಳಿಯಿತು. ಕೊರೆಯುವಾಗಲೂ ಸಿಡಿಸುವಾಗಲೂ ಎದ್ದ ಕಲ್ಲಿನ ಧೂಳು ಕೂಲಿಗಾರರ ಎದೆಗಿಳಿಯಿತು. ಸಿಲಿಕೋಸಿಸ್ ಎಂಬ ರೋಗದ ಹೆಸರು ಆ ಊರಿನ ಮನೆಗಳಿಗೆ ಹೊಸದಲ್ಲ. ಗಾಯ ಮುಚ್ಚಲು ಬಂದ ನಾರು ಗಾಯ ಮಾಡುವ ಕೆಲಸಕ್ಕೆ ಸೇರಿಹೋಗಿತ್ತು.

ಗಣಿಯಲ್ಲಿ ಟೇಲರ್ ಕಂಪನಿಯ ಕೆಲಸ ಇನ್ನೂ ಎಳೆಯದಾಗಿದ್ದ 1886ರಲ್ಲಿ, ಇಂಗ್ಲೆಂಡಿನ ಏಡ್ರಿಯನ್ ಜಾನ್ ಬ್ರೌನ್ ಎಂಬ ವಿಜ್ಞಾನಿ ವಿನೆಗರ್ ಹುಳಿಯ ಮೇಲೆ ಕಟ್ಟುವ ದಪ್ಪ ಕೆನೆಯನ್ನು ಪರೀಕ್ಷಿಸಿದ. ಅದು ಗಿಡಮರಗಳ ಸೆಲ್ಯುಲೋಸೇ ಎಂದು ಕಂಡುಬಂತು. ಆದರೆ ಅದನ್ನು ನೇಯ್ದದ್ದು ಗಿಡವಲ್ಲ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯ. ಈ ಜೀವಿ ಸಕ್ಕರೆಯನ್ನು ಉಂಡು, ಮೈಮೇಲಿನ ಸಣ್ಣ ರಂಧ್ರಗಳ ಸಾಲಿನಿಂದ ಎಳೆಗಳನ್ನು ಹೊರಬಿಡುತ್ತದೆ. ಗಾಳಿ ಬೇಕಾದ್ದರಿಂದ ದ್ರವದ ಮೇಲ್ಮೈಯಲ್ಲೇ ಚಾಪೆ ಹೆಣೆಯುತ್ತದೆ. ಮರದ ತಿರುಳಿನಲ್ಲಿರುವಂತೆ ಇದರಲ್ಲಿ ಲಿಗ್ನಿನ್ನಿನ ಕಲಬೆರಕೆಯಿಲ್ಲ. ಕ್ಷಾರದಲ್ಲಿ ಕುದಿಸಿ ತೊಳೆದರೆ ಶುದ್ಧವಾದ ನಾರು. ಹಸಿಯಾಗಿದ್ದಾಗ ತೂಕದಲ್ಲಿ ನೂರಕ್ಕೆ 99 ಪಾಲಿನವರೆಗೂ ನೀರೇ, ಆದರೂ ಹರಿಯದಷ್ಟು ಗಟ್ಟಿ.

ಫಿಲಿಪೈನ್ಸಿನ ಜನ 1949ರಿಂದ ಇದನ್ನು ತೆಂಗಿನ ನೀರಿನಲ್ಲಿ ಬೆಳೆಸಿ, ನಾಟಾ ದೆ ಕೋಕೋ ಎಂಬ ಸಿಹಿತಿಂಡಿ ಮಾಡಿದರು. ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದ ವಿಜ್ಞಾನಿಗಳು, ಇದರ ಬೆಳೆಗೆ ಹುಳಿ, ಸಕ್ಕರೆ, ಅಮೋನಿಯಂ ಸಲ್ಫೇಟುಗಳು ಎಷ್ಟಿರಬೇಕೆಂಬುದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಜಪಾನಿನ ಸೋನಿ ಕಂಪನಿ 1989ರಲ್ಲಿ ಇದೇ ನಾರಿನ ಪೊರೆಯನ್ನು ಹೆಡ್‌ಫೋನಿನೊಳಗೆ ಕೂರಿಸಿತು. ಬ್ರೆಜಿಲ್‌ನಲ್ಲಿ ಇದನ್ನು ಸುಟ್ಟ ಗಾಯದ ಮೇಲೆ ತಾತ್ಕಾಲಿಕ ಚರ್ಮದಂತೆ ಹೊದಿಸಿದ ಪ್ರಯೋಗಗಳ ವರದಿ 1990ರಲ್ಲಿ ಬಂತು. ಗಾಯಕ್ಕೆ ಅಂಟಿ ಕುಳಿತು, ನೋವನ್ನು ತಗ್ಗಿಸಿ, ಕೆಳಗೆ ಹೊಸ ಚರ್ಮ ಬಂದಂತೆ ತಾನೇ ಕಳಚಿಕೊಳ್ಳುವುದು ಇದರ ಗುಣ. ನೊಬೆಲ್ಲನ ಬೆರಳಿನಿಂದ ಹೊರಟ ನಾರು ಮರಳಿ ಗಾಯಕ್ಕೇ ಬಂತೆನ್ನಬೇಕು.

ಆದರೆ ಕಾಲದ ಲೆಕ್ಕವನ್ನು ನೋಡಿ. ಬಂಡೆ ಒಡೆಯುವ ನಾರು ಪ್ರಯೋಗಶಾಲೆಯಿಂದ ಗಣಿಗಳಿಗೆ ಇಳಿಯಲು ಕೆಲವೇ ವರ್ಷ ಸಾಕಾಯಿತು. ಮಾಯಿಸುವ ನಾರು ಬ್ರೌನನ ಗಾಜಿನ ಪಾತ್ರೆಯಿಂದ ರೋಗಿಯ ಮೈ ಮುಟ್ಟಲು ಸುಮಾರು 100 ವರ್ಷ ಹಿಡಿಯಿತು. ಈಗಲೂ ಅದು ನಿಧಾನವಾಗಿ ಬೆಳೆಯುವ ದುಬಾರಿ ವಸ್ತು. ಆಸ್ಪತ್ರೆಯ ಸಾಮಾನ್ಯ ಬಟ್ಟೆಪಟ್ಟಿಯನ್ನು ಅದು ಕದಲಿಸಿಲ್ಲ. ಚಿನ್ನಕ್ಕಿದ್ದ ಆತುರ ಗಾಯಕ್ಕಿರಲಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸುಟ್ಟ ಕೈಗೆ, ಕೊಯ್ದ ಕಾಲಿಗೆ ಬ್ಯಾಕ್ಟೀರಿಯದ ಪಟ್ಟಿ ಒದಗೀತು. ಎದೆಯೊಳಗೆ ಕುಳಿತ ಕಲ್ಲಿನ ಧೂಳಿಗೆ ಯಾವ ಪಟ್ಟಿಯೂ ತಲುಪದು. ಮಾರಿಕುಪ್ಪದ ರೈಲು ಇಂದಿಗೂ ಬಂಗಾರಪೇಟೆಗೆ ಬಂದು ಹೋಗುತ್ತದೆ. ಗಣಿಗೆ ಇಳಿದವರ ಮಕ್ಕಳು, ಮೊಮ್ಮಕ್ಕಳು ಅದನ್ನೇ ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ.