ಗೊಡ್ಡು ಎನ್ನುವ ಮುನ್ನ: ಕುದುರೆಯ ಗರ್ಭಕೋಶ ಕಲಿಸಿದ ಪಾಠ



ಹೊಸೂರಿನ ಪಕ್ಕದ ಮತ್ತಿಗಿರಿ ದನದ ಫಾರಂ ನಮ್ಮ ಗಡಿಭಾಗದ ಮಕ್ಕಳಿಗೆಲ್ಲ ಗೊತ್ತು. ಆದರೆ 1824ರಲ್ಲಿ ಅದು ಆರಂಭವಾದದ್ದು ಬ್ರಿಟಿಷರ ಸೈನ್ಯಕ್ಕೆ ಕುದುರೆ ಒದಗಿಸಲು ಎಂಬುದು ಹೆಚ್ಚು ಜನಕ್ಕೆ ತಿಳಿದಿಲ್ಲ. ಅದಕ್ಕೂ ಮೊದಲೇ ಟಿಪ್ಪು ಸುಲ್ತಾನನು ಕುಣಿಗಲ್‌ನಲ್ಲಿ ತನ್ನ ಸೈನ್ಯಕ್ಕಾಗಿ ಕುದುರೆಗಳನ್ನು ಸಾಕಿಸುತ್ತಿದ್ದನು. ಇನ್ನೂ ಹಿಂದಕ್ಕೆ ಹೋದರೆ, ಅಭಿನವಚಂದ್ರನೆಂಬ ಕವಿ ಕುದುರೆಯ ವೈದ್ಯದ ಬಗ್ಗೆ ಕನ್ನಡದಲ್ಲೇ ಗ್ರಂಥ ರಚಿಸಿದ್ದಾನೆ.

ಕುದುರೆ ಸಾಕಿದವರನ್ನೆಲ್ಲ ಒಂದು ಪ್ರಶ್ನೆ ಕಾಡಿದೆ. ಕುದುರೆ ಬೆದೆಗೆ ಬಂತು, ಗಂಡಿನ ಬಳಿ ಬಿಟ್ಟದ್ದೂ ಆಯಿತು, ಆದರೂ ಗಬ್ಬ ನಿಲ್ಲಲಿಲ್ಲ. ಯಾಕೆ? ಉತ್ತರ ಗೊತ್ತಿಲ್ಲದಾಗ ನಮ್ಮ ಜನ 'ಗೊಡ್ಡು' ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಹಸುವಾದರೂ ಅಷ್ಟೇ, ಎಮ್ಮೆಯಾದರೂ ಅಷ್ಟೇ. ಇದೇ ನಾಲಿಗೆ ಮನೆಯ ಹೆಣ್ಣುಮಗಳನ್ನು 'ಬಂಜೆ' ಎಂದೂ ಕರೆಯುತ್ತದೆ. ಕುದುರೆಯ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ದೊರೆತ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಗರ್ಭಕೋಶವೆಂದರೆ ಬೀಜ ಬಿದ್ದರೆ ಬೆಳೆಸುವ ಚೀಲ ಎಂಬಷ್ಟೇ ತಿಳಿವಳಿಕೆ ಇತ್ತು. ಆ ಚೀಲವನ್ನು ಯಾರು ಹದಗೊಳಿಸುತ್ತಾರೆ ಎಂದು ಕೇಳಿದವರು ಕಡಿಮೆ. ಅಂಡಾಶಯದಿಂದ ಅಂಡವು ಹೊರಬಿದ್ದ ಜಾಗದಲ್ಲಿ ಒಂದು ಹಳದಿ ಗಂಟು ಮೂಡುತ್ತದೆ. ಭ್ರೂಣವು ಗರ್ಭಕೋಶದಲ್ಲಿ ನೆಲೆಸಲು ಆ ಗಂಟೇ ಕಾರಣವಿರಬೇಕು ಎಂದು ಊಹಿಸಿದವರು ಜರ್ಮನಿಯ ಬ್ರೆಸ್ಲಾವ್ ನಗರದ ಗುಸ್ತಾವ್ ಬಾರ್ನ್. ಅವರು 1900ರಲ್ಲಿ ತೀರಿಕೊಂಡರು. ಅವರ ಊಹೆಯನ್ನು ಮೊಲಗಳಲ್ಲಿ ಪರೀಕ್ಷಿಸಿದ ಲುಡ್ವಿಗ್ ಫ್ರೆಂಕೆಲ್ 1903ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಳದಿ ಗಂಟನ್ನು ತೆಗೆದರೆ ಗರ್ಭ ನಿಲ್ಲುತ್ತಿರಲಿಲ್ಲ. ಇಲ್ಲಿ ಒಂದು ಸ್ವಾರಸ್ಯವಿದೆ. ಈ ಗುಸ್ತಾವ್ ಬಾರ್ನ್ ಅವರ ಮಗನೇ ಹೆಸರಾಂತ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಸಿ.ವಿ. ರಾಮನ್ ಅವರ ಆಹ್ವಾನದ ಮೇರೆಗೆ ಅವರು 1935-36ರಲ್ಲಿ ಬೆಂಗಳೂರಿನಲ್ಲಿ ಕೆಲಸ ಮಾಡಿದ್ದರು.

1905ರಲ್ಲಿ ಲಂಡನ್ನಿನ ಸ್ಟಾರ್ಲಿಂಗ್ 'ಹಾರ್ಮೋನು' ಎಂಬ ಪದವನ್ನು ಬಳಕೆಗೆ ತಂದರು. ದೇಹದ ಒಂದು ಭಾಗದಲ್ಲಿ ಹುಟ್ಟಿ, ರಕ್ತದಲ್ಲಿ ಹರಿದು, ಇನ್ನೊಂದು ಭಾಗಕ್ಕೆ ಸಂದೇಶ ಮುಟ್ಟಿಸುವ ರಾಸಾಯನಿಕವೇ ಹಾರ್ಮೋನು. 1929ರಲ್ಲಿ ಅಮೆರಿಕದ ಜಾರ್ಜ್ ಕಾರ್ನರ್ ಮತ್ತು ವಿಲ್ಲರ್ಡ್ ಆಲೆನ್ ಹಳದಿ ಗಂಟಿನ ಸಾರವನ್ನು ತೆಗೆದು, ಅದರ ಬಲದಿಂದಲೇ ಮೊಲದ ಗರ್ಭವನ್ನು ಉಳಿಸಿ ತೋರಿಸಿದರು. 1934ರಲ್ಲಿ ಅದರ ಶುದ್ಧ ರೂಪ ಕೈಗೆ ಬಂತು. ಅದೇ ಪ್ರೊಜೆಸ್ಟರಾನ್. ಅಂಡ ಬಲಿಯುವಾಗ ಅಂಡಾಶಯ ಸುರಿಸುವ ಇನ್ನೊಂದು ಹಾರ್ಮೋನು ಈಸ್ಟ್ರೋಜನ್.

ಈ ಎರಡೂ ಕುದುರೆಯಲ್ಲಿ ಮಾಡುವ ಕೆಲಸ ಬೇರೆ ಬೇರೆ. ಕುದುರೆಯ ಋತುಚಕ್ರ ಸುಮಾರು 21 ದಿನ. ಅದರಲ್ಲಿ 5ರಿಂದ 7 ದಿನ ಬೆದೆ. ಆಗ ಈಸ್ಟ್ರೋಜನ್‌ನ ಆಳ್ವಿಕೆ. ಗರ್ಭಕೋಶದ ಒಳಪೊರೆ ನೀರುಂಡು ಉಬ್ಬುತ್ತದೆ, ಗರ್ಭಕೋಶದ ಕೊರಳು ಸಡಿಲಗೊಳ್ಳುತ್ತದೆ, ಒಳಹೊಕ್ಕ ಕಶ್ಮಲವನ್ನೂ ರೋಗಾಣುಗಳನ್ನೂ ಹೊರಹಾಕುವ ಶಕ್ತಿ ಹೆಚ್ಚುತ್ತದೆ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್‌ನ ಆಳ್ವಿಕೆ. ಕೊರಳು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಗರ್ಭಕೋಶ ಗಟ್ಟಿಯಾಗುತ್ತದೆ, ಒಳಪೊರೆಯ ಗ್ರಂಥಿಗಳು ಭ್ರೂಣಕ್ಕೆ ಪೋಷಕ ರಸವನ್ನು ಸ್ರವಿಸುತ್ತವೆ. ಅತಿಥಿ ಬರುವ ಮೊದಲು ಮನೆ ಗುಡಿಸಿ ತೊಳೆದು, ಬಂದ ಮೇಲೆ ಬಾಗಿಲು ಹಾಕಿ ಊಟಕ್ಕಿಡುವ ಹಾಗೆ ಇದು. ಗುಡಿಸುವ ಮೊದಲೇ ಬಾಗಿಲು ಹಾಕಿದರೆ ಕಸ ಒಳಗೇ ಉಳಿಯುತ್ತದೆ. ಕ್ರಮ ತಪ್ಪಿದರೆ ಆರೋಗ್ಯವಂತ ಕುದುರೆಯಲ್ಲೂ ಗರ್ಭ ನಿಲ್ಲುವುದಿಲ್ಲ.

ಇನ್ನು ಕಾಲದ ವಿಷಯ. ಕುದುರೆ ಹಗಲು ಉದ್ದವಾಗುವ ಕಾಲದಲ್ಲಿ ಬೆದೆಗೆ ಬರುವ ಪ್ರಾಣಿ. ರಾತ್ರಿ ದೀರ್ಘವಾಗಿದ್ದರೆ ಮಿದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚು ಹೊತ್ತು ಸ್ರವಿಸಿ ಅಂಡಾಶಯಕ್ಕೆ ಹೋಗುವ ಸಂದೇಶವನ್ನು ತಡೆಯುತ್ತದೆ. ತಂಪು ದೇಶಗಳಲ್ಲಿ ಬಹುಪಾಲು ಕುದುರೆಗಳ ಅಂಡಾಶಯ ಚಳಿಗಾಲದಲ್ಲಿ ಕೆಲಸ ನಿಲ್ಲಿಸಿ ಸುಮ್ಮನಿರುತ್ತದೆ. ಉಷ್ಣವಲಯದಲ್ಲಿ ಈ ವ್ಯತ್ಯಾಸ ಕಡಿಮೆ. ಆದರೆ ಇಂಗ್ಲೆಂಡಿನ ಕುದುರೆ ಪಂದ್ಯದವರು 19ನೆಯ ಶತಮಾನದಲ್ಲಿ ಪಂದ್ಯದ ಕುದುರೆಗಳಿಗೆಲ್ಲ ಜನವರಿ 1ನ್ನೇ ಜನ್ಮದಿನವೆಂದು ಲೆಕ್ಕ ಹಿಡಿದರು. ಅದಕ್ಕೂ ಮೊದಲು ಮೇ 1ರ ಲೆಕ್ಕ ಇತ್ತು. ಕುದುರೆಯ ಗರ್ಭಾವಧಿ ಸುಮಾರು 11 ತಿಂಗಳು. ಹಾಗಾಗಿ ಫೆಬ್ರವರಿಯಲ್ಲೇ ಗಬ್ಬ ಕಟ್ಟಿಸುವ ಆತುರ ಶುರುವಾಯಿತು. ಚಳಿಯಲ್ಲಿ ಸುಮ್ಮನಿದ್ದ ಗರ್ಭಕೋಶ ಅದಕ್ಕೆ ಒಪ್ಪಲಿಲ್ಲ. ತಪ್ಪು ಮನುಷ್ಯನ ಪಂಚಾಂಗದ್ದು, ಕೆಟ್ಟ ಹೆಸರು ಕುದುರೆಗೆ!

1947ರಲ್ಲಿ ಕೇಂಬ್ರಿಜ್‌ನ ಬರ್ಕ್‌ಹಾರ್ಟ್ ಎಂಬ ವಿಜ್ಞಾನಿ, ಚಳಿಗಾಲದಲ್ಲಿ ಕುದುರೆಗಳಿಗೆ ದೀಪದ ಬೆಳಕು ಕೊಟ್ಟರೆ ಅವು ಬೇಗ ಬೆದೆಗೆ ಬರುತ್ತವೆ ಎಂದು ತೋರಿಸಿದರು. ಇಂದಿಗೂ ಅನೇಕ ದೇಶಗಳ ಕುದುರೆ ಲಾಯಗಳಲ್ಲಿ ಹಗಲು ಮತ್ತು ದೀಪ ಸೇರಿ ದಿನಕ್ಕೆ ಸುಮಾರು 16 ಗಂಟೆ ಬೆಳಕು ಸಿಗುವಂತೆ ನೋಡಿಕೊಳ್ಳುತ್ತಾರೆ.

ಭ್ರೂಣವು ಗರ್ಭಕೋಶಕ್ಕೆ ಬಂದ ಮೇಲೆ ಏನಾಗುತ್ತದೆ ಎಂಬ ಅಧ್ಯಾಯ ಇನ್ನೂ ಸ್ವಾರಸ್ಯಕರ. ಸುಮಾರು 6ನೆಯ ದಿನ ಗರ್ಭಕೋಶವನ್ನು ಸೇರುವ ಭ್ರೂಣ 16ನೆಯ ದಿನದವರೆಗೆ ಒಂದೆಡೆ ನಿಲ್ಲದೆ ಮೂಲೆಮೂಲೆಗೂ ಉರುಳಾಡುತ್ತದೆ. 1980ರ ದಶಕದಲ್ಲಿ ಅಲ್ಟ್ರಾಸೌಂಡ್ ಯಂತ್ರ ಬಂದ ಮೇಲೆ ಅಮೆರಿಕದ ಗಿಂಥರ್ ಮತ್ತು ಸಂಗಡಿಗರು ಈ ಓಡಾಟವನ್ನು ಕಂಡು ವಿವರಿಸಿದರು. 'ನಾನಿದ್ದೇನೆ' ಎಂದು ಭ್ರೂಣ ತಾಯಿಗೆ ತಿಳಿಸುವ ಬಗೆ ಇದು. ಈ ಸುದ್ದಿ ಮುಟ್ಟದಿದ್ದರೆ 14-15ನೆಯ ದಿನದ ಹೊತ್ತಿಗೆ ಗರ್ಭಕೋಶವೇ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುವನ್ನು ಸುರಿಸಿ ಹಳದಿ ಗಂಟನ್ನು ಕರಗಿಸುತ್ತದೆ. ಪ್ರೊಜೆಸ್ಟರಾನ್ ಇಳಿದು ಕುದುರೆ ಮತ್ತೆ ಬೆದೆಗೆ ಬರುತ್ತದೆ.

1930ರಲ್ಲಿ ಕ್ಯಾಲಿಫೋರ್ನಿಯದ ಕೋಲ್ ಮತ್ತು ಹಾರ್ಟ್ ಗಬ್ಬದ ಕುದುರೆಯ ರಕ್ತದ ಸೀರಮ್ಮನ್ನು ಎಳೆಯ ಇಲಿಗಳಿಗೆ ಚುಚ್ಚಿದರು. ಇಲಿಗಳ ಅಂಡಾಶಯ ಕಾಲಕ್ಕೆ ಮೊದಲೇ ಬಲಿಯಿತು. ಗರ್ಭದ ಸುಮಾರು 40ನೆಯ ದಿನ ರಕ್ತದಲ್ಲಿ ಕಾಣಿಸುವ ಒಂದು ಹಾರ್ಮೋನು ಇದಕ್ಕೆ ಕಾರಣವಾಗಿತ್ತು. ಅದು ಗರ್ಭಕೋಶದ ಒಳಗೋಡೆಯ ಬಟ್ಟಲಿನಾಕಾರದ ಗಂಟುಗಳಲ್ಲಿ ಹುಟ್ಟುತ್ತದೆ ಎಂದು 1940ರ ದಶಕದಲ್ಲಿ ತಿಳಿಯಿತು. ಆ ಬಟ್ಟಲುಗಳು ತಾಯಿಯವೇ ಎಂದು ಭಾವಿಸಿದ್ದರು. 1972ರಲ್ಲಿ ಕೇಂಬ್ರಿಜ್‌ನ ಆಲೆನ್ ಮತ್ತು ಮೂರ್ ಅವುಗಳ ಜೀವಕೋಶಗಳು ಮರಿಯ ಕಡೆಯಿಂದ ಬಂದವು ಎಂದು ಸಾಧಿಸಿದರು. ಅಂದರೆ ಮರಿಯ ಜೀವಕೋಶಗಳೇ ತಾಯಿಯ ಗರ್ಭಕೋಶದೊಳಗೆ ಹೊಕ್ಕು, ತಾಯಿಯ ಅಂಡಾಶಯದಲ್ಲಿ ಇನ್ನಷ್ಟು ಹಳದಿ ಗಂಟುಗಳು ಮೂಡುವಂತೆ ಮಾಡುತ್ತವೆ. ಮುಂದೆ ಮಾಸು ಈ ಕೆಲಸವನ್ನು ವಹಿಸಿಕೊಳ್ಳುವವರೆಗೂ ಗರ್ಭಕ್ಕೆ ಇದು ಆಸರೆ.

ಅದೇ 1930ರಲ್ಲಿ ಬರ್ಲಿನ್ನಿನ ಬರ್ನ್‌ಹಾರ್ಡ್ ಜಾಂಡೆಕ್ ಗಬ್ಬದ ಕುದುರೆಯ ಮೂತ್ರದಲ್ಲಿ ಈಸ್ಟ್ರೋಜನ್ ಹೇರಳವಾಗಿದೆ ಎಂದು ಕಂಡುಕೊಂಡರು. ಯಹೂದಿಯಾಗಿದ್ದ ಅವರನ್ನು 1933ರಲ್ಲಿ ನಾಜಿ ಆಡಳಿತ ಕೆಲಸದಿಂದ ತೆಗೆಯಿತು. ಕೊನೆಗೆ ಅವರು ಜೆರುಸಲೇಮಿನಲ್ಲಿ ನೆಲೆಸಿದರು. ಆ ಮೂತ್ರದಿಂದ ತಯಾರಾದ ಪ್ರೆಮರಿನ್ ಎಂಬ ಔಷಧ 1942ರಿಂದ ಅಮೆರಿಕದಲ್ಲಿ ಮುಟ್ಟು ನಿಂತ ಹೆಂಗಸರಿಗೆ ಬಳಕೆಗೆ ಬಂತು. ಗಬ್ಬದ ಕುದುರೆಯ ರಕ್ತದಿಂದ ತೆಗೆದ ಹಾರ್ಮೋನನ್ನು ಹಂದಿ, ದನ, ಕುರಿಗಳ ಸಂತಾನವೃದ್ಧಿಗೆ ಬಳಸುತ್ತಾರೆ. ಇದಕ್ಕಾಗಿ ಕುದುರೆಗಳಿಂದ ಪದೇಪದೇ ರಕ್ತ ಎಳೆಯುವುದು ಕ್ರೌರ್ಯವೆಂಬ ಆಕ್ಷೇಪ ಹಲವು ದೇಶಗಳಲ್ಲಿದೆ. ಆ ಆಕ್ಷೇಪದಲ್ಲಿ ನ್ಯಾಯವಿದೆ ಎಂದು ನಮಗೆ ಅನಿಸುತ್ತದೆ. ಈ ಮೂಕಪ್ರಾಣಿಯ ಋಣ ಮನುಷ್ಯಕುಲದ ಮೇಲೆ ದೊಡ್ಡದು.

ಎಲ್ಲವೂ ಹಾರ್ಮೋನಿನಿಂದಲೇ ಸರಿಹೋಗುತ್ತದೆ ಎಂದು ತಿಳಿಯಬಾರದು. 1978ರಲ್ಲಿ ಅಮೆರಿಕದ ಪಶುವೈದ್ಯ ಕೆನ್ನಿ ಗರ್ಭಕೋಶದ ಒಳಪೊರೆಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಉರಿಯೂತವೆಷ್ಟು, ಗ್ರಂಥಿಗಳ ಸುತ್ತ ನಾರುಗಟ್ಟಿರುವುದೆಷ್ಟು ಎಂದು ದರ್ಜೆ ಕೊಡುವ ಕ್ರಮ ತಂದರು. ವಯಸ್ಸಾದ ಕುದುರೆಯಲ್ಲಿ ಹೀಗೆ ನಾರುಗಟ್ಟಿದ ಒಳಪೊರೆಯನ್ನು ಮತ್ತೆ ಮೊದಲಿನಂತೆ ಮಾಡುವುದು ಕಷ್ಟ. ಆಗಲೂ ದಾರಿ ಪೂರ್ತಿ ಮುಚ್ಚಿಲ್ಲ. 1970ರ ದಶಕದಲ್ಲಿ ಜಪಾನಿನ ಒಗುರಿ ಮತ್ತು ತ್ಸುತ್ಸುಮಿ ಒಂದು ಕುದುರೆಯ ಭ್ರೂಣವನ್ನು ಶಸ್ತ್ರಕ್ರಿಯೆಯಿಲ್ಲದೆ ಇನ್ನೊಂದರ ಗರ್ಭಕೋಶಕ್ಕೆ ಸಾಗಿಸಿ ಮರಿ ಪಡೆದರು. ನಮ್ಮ ದೇಶದಲ್ಲಿ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರದ ಬಿಕಾನೇರ್ ಶಾಖೆಯಲ್ಲಿ 2023ರ ಮೇ 19ರಂದು ಇದೇ ವಿಧಾನದಿಂದ ಮಾರವಾಡಿ ತಳಿಯ ಮರಿಯೊಂದು ಹುಟ್ಟಿತು. ಅದಕ್ಕೆ 'ರಾಜ್-ಪ್ರಥಮಾ' ಎಂದು ಹೆಸರಿಟ್ಟರು. ಇಂಥ ಕೆಲಸ ಫಲಿಸಬೇಕಾದರೆ ಬಾಡಿಗೆ ತಾಯಿಯ ಗರ್ಭಕೋಶವೂ ಭ್ರೂಣದ ವಯಸ್ಸಿಗೆ ತಕ್ಕಂತೆ ಹದಗೊಂಡಿರಬೇಕು. ಅಂಡ ಬಿಡುಗಡೆಯಾದ ದಿನಗಳು ಎರಡರಲ್ಲೂ ಹೆಚ್ಚುಕಡಿಮೆ ಹೊಂದಬೇಕು.

ನಮ್ಮ ತರಗತಿಗಳಲ್ಲಿ ಹಾರ್ಮೋನಿನ ಪಾಠ ಬಂದಾಗ ಹೆಸರುಗಳನ್ನು ಬಾಯಿಪಾಠ ಮಾಡಿಸಿ ಮುಂದೆ ಹೋಗುವುದುಂಟು. ಈ ಚರಿತ್ರೆಯನ್ನೂ ಜೊತೆಗೆ ಹೇಳಿದರೆ ಮಕ್ಕಳಿಗೆ ಒಂದು ಮಾತು ಮನದಟ್ಟಾಗುತ್ತದೆ. ಬೆಳಕು, ಕಾಲ, ವಯಸ್ಸು, ಸೋಂಕು, ಗಂಡಿನ ಬೀಜದ ದೋಷ ಹೀಗೆ ಹತ್ತು ಕಾರಣಗಳಿರುವಲ್ಲಿ ನಾವು ಒಂದೇ ಪದದಲ್ಲಿ ತೀರ್ಪು ಕೊಟ್ಟುಬಿಡುತ್ತೇವೆ. ಕೊಟ್ಟಿಗೆಯಲ್ಲಾಗಲಿ ಮನೆಯಲ್ಲಾಗಲಿ, ಆ ಪದ ಬಾಯಿಗೆ ಬರುವ ಮುನ್ನ ಕಾರಣ ಕೇಳುವುದನ್ನು ನಮ್ಮ ಮಕ್ಕಳು ಕಲಿಯಲಿ.