ಒಂದೇ ಸೂರು, ಒಂದೇ ಓದು: ವಿಸ್ಕಾನ್ಸಿನ್‌ನ ಪ್ರಾಯೋಗಿಕ ಕಾಲೇಜು (1927–1932)

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಿಗೆ ಪದವಿ ಓದಲು ಹೋಗುವ ಹುಡುಗ ಹುಡುಗಿಯರಿಗೆ ಈಗ ಹಾಸ್ಟೆಲ್ ಅರ್ಜಿ ತುಂಬುವಾಗಲೇ ಒಂದು ಆಯ್ಕೆ ಎದುರಾಗುತ್ತದೆ. ಪರಿಸರ, ಲಲಿತಕಲೆ, ಎಂಜಿನಿಯರಿಂಗ್, ವಿದೇಶಿ ಭಾಷೆ ಮೊದಲಾದವುಗಳಲ್ಲಿ ಯಾವುದಾದರೊಂದರ ಬಗ್ಗೆ ಆಸಕ್ತಿ ಇರುವವರು ಒಂದೇ ಮಹಡಿಯಲ್ಲಿ ಕೂಡಿ ಇದ್ದು, ಒಂದೆರಡು ಕೋರ್ಸುಗಳನ್ನೂ ಒಟ್ಟಿಗೆ ಓದಬಹುದು. ಇಂಥ ವಸತಿ ಕಲಿಕಾ ಸಮುದಾಯಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1927ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಪ್ರಾಯೋಗಿಕ ಕಾಲೇಜನ್ನು ಮೂಲಪುರುಷನ ಸ್ಥಾನದಲ್ಲಿ ಕೂರಿಸುತ್ತಾರೆ. ಆ ಗೌರವ ಅದಕ್ಕೆ ಸಲ್ಲತಕ್ಕದ್ದೇ. ಆದರೆ ಆ ಕಾಲೇಜಿನಲ್ಲಿ ವಿದ್ಯಾರ್ಥಿಗಳನ್ನು ಒಂದುಗೂಡಿಸಿದ್ದು ಹಾಸ್ಟೆಲ್ಲಿಗಿಂತ ಮಿಗಿಲಾಗಿ ಅವರೆಲ್ಲರೂ ಏಕಕಾಲಕ್ಕೆ ಓದುತ್ತಿದ್ದ ಪುಸ್ತಕಗಳು. ಆಮೇಲೆ ಬಂದವರಲ್ಲಿ ಹೆಚ್ಚಿನವರು ಸೂರನ್ನು ಉಳಿಸಿಕೊಂಡು ಓದನ್ನು ಕೈಬಿಟ್ಟರು. ಈ ಲೇಖನದಲ್ಲಿ ನಾನು ತೋರಿಸಹೊರಟಿರುವುದು ಇದನ್ನೇ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಜರ್ಮನಿಯ ದಾರಿ ಹಿಡಿದವು. ಪ್ರಾಧ್ಯಾಪಕರಿಗೆ ಸಂಶೋಧನೆಯೇ ಮುಖ್ಯವಾಯಿತು. ವಿದ್ಯಾರ್ಥಿ ಎಲ್ಲಿ ಉಣ್ಣುತ್ತಾನೆ, ಎಲ್ಲಿ ಮಲಗುತ್ತಾನೆ ಎಂಬುದನ್ನು ವಿಶ್ವವಿದ್ಯಾಲಯ ತಲೆಗೆ ಹಚ್ಚಿಕೊಳ್ಳಲಿಲ್ಲ. ಹಾರ್ವರ್ಡ್‌ನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಬೆಳೆಸಿದ ಐಚ್ಛಿಕ ವಿಷಯಗಳ ಪದ್ಧತಿಯಲ್ಲಂತೂ ಒಂದೇ ವರ್ಷ ಸೇರಿದ ಇಬ್ಬರು ಹೆಚ್ಚುಕಡಿಮೆ ಒಂದು ಪುಸ್ತಕವನ್ನೂ ಸಮಾನವಾಗಿ ಓದದೆ ಪದವಿ ಪಡೆದು ಹೊರಬರಬಹುದಿತ್ತು. ಇದಕ್ಕೆ ಪ್ರತಿಯಾಗಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಕಾಲೇಜುಗಳತ್ತ ನೋಡಿದವರಲ್ಲಿ ಮುಂದೆ ರಾಷ್ಟ್ರಾಧ್ಯಕ್ಷರಾದ ವುಡ್ರೊ ವಿಲ್ಸನ್ ಒಬ್ಬರು. ಪ್ರಿನ್ಸ್‌ಟನ್‌ನ ಅಧ್ಯಕ್ಷರಾಗಿದ್ದಾಗ, 1907ರಲ್ಲಿ, ಹಿರಿಯ ಕಿರಿಯ ವಿದ್ಯಾರ್ಥಿಗಳೂ ಅಧ್ಯಾಪಕರೂ ಒಂದೇ ಚೌಕಿಯಲ್ಲಿ ವಾಸಿಸುವ ಯೋಜನೆಯನ್ನು ಅವರು ಮುಂದಿಟ್ಟರು. ಶ್ರೀಮಂತ ಭೋಜನ ಕ್ಲಬ್ಬುಗಳ ಹಳೆಯ ವಿದ್ಯಾರ್ಥಿಗಳು ತಿರುಗಿಬಿದ್ದರು. ಅದೇ ವರ್ಷ ಯೋಜನೆ ಬಿದ್ದುಹೋಯಿತು. ಎಡ್ವರ್ಡ್ ಹಾರ್ಕ್‌ನೆಸ್ ಎಂಬ ಸಿರಿವಂತರ ಕೊಡುಗೆಯಿಂದ ಹಾರ್ವರ್ಡ್‌ನ ಮೊದಲ ‘ಹೌಸ್’ಗಳು ತೆರೆದದ್ದು 1930ರಲ್ಲಿ, ಯೇಲ್‌ನ ವಸತಿ ಕಾಲೇಜುಗಳು 1933ರಲ್ಲಿ. ಅವು ಸುಂದರ ಕಟ್ಟಡಗಳು, ಒಳ್ಳೆಯ ಊಟದ ಮನೆಗಳು. ಪಠ್ಯಕ್ರಮವನ್ನು ಮಾತ್ರ ಅವು ಮುಟ್ಟಲಿಲ್ಲ.

ಅಲೆಕ್ಸಾಂಡರ್ ಮೀಕಲ್‌ಜಾನ್ ಹೊರಟದ್ದು ಬೇರೊಂದು ತುದಿಯಿಂದ. 1872ರಲ್ಲಿ ಇಂಗ್ಲೆಂಡಿನ ಹತ್ತಿ ಗಿರಣಿಗಳ ಊರಾದ ರಾಚ್‌ಡೇಲ್‌ನಲ್ಲಿ ಹುಟ್ಟಿ, ಎಳವೆಯಲ್ಲೇ ಅಮೆರಿಕಕ್ಕೆ ಬಂದ ಇವರು ತತ್ತ್ವಶಾಸ್ತ್ರದ ಅಧ್ಯಾಪಕರು. 1912ರಲ್ಲಿ ಆಮ್ಹರ್ಸ್ಟ್ ಕಾಲೇಜಿನ ಅಧ್ಯಕ್ಷರಾದರು. ಆಡಳಿತ ಮಂಡಳಿಯೊಡನೆ ಹೊಂದಿಕೆಯಾಗದೆ 1923ರಲ್ಲಿ ಹೊರಬರಬೇಕಾಯಿತು. ಆ ವರ್ಷದ ಘಟಿಕೋತ್ಸವದಲ್ಲಿ ಕೆಲವು ವಿದ್ಯಾರ್ಥಿಗಳು ಅದನ್ನು ಪ್ರತಿಭಟಿಸಿ ಪದವಿ ಪತ್ರವನ್ನೇ ಸ್ವೀಕರಿಸಲಿಲ್ಲ. ‘ಸೆಂಚುರಿ’ ಪತ್ರಿಕೆಯಲ್ಲಿ ಅವರು ಹೊಸ ಬಗೆಯ ಕಾಲೇಜಿನ ಕಲ್ಪನೆಯನ್ನು ಬರೆದರು. ಆ ಪತ್ರಿಕೆಯ ಸಂಪಾದಕ ಗ್ಲೆನ್ ಫ್ರಾಂಕ್ 1925ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿ, ಮೀಕಲ್‌ಜಾನ್‌ರನ್ನು ಮ್ಯಾಡಿಸನ್ ನಗರಕ್ಕೆ ಕರೆಸಿಕೊಂಡರು.

1927ರ ಶರತ್ಕಾಲದಲ್ಲಿ 119 ವಿದ್ಯಾರ್ಥಿಗಳೊಂದಿಗೆ ಕಾಲೇಜು ಆರಂಭವಾಯಿತು. ಸ್ಥಳ ಮೆಂಡೋಟ ಸರೋವರದ ದಡದ ಆಡಮ್ಸ್ ಹಾಲ್, ಆಗಷ್ಟೇ ಕಟ್ಟಿದ್ದ ಗಂಡುಮಕ್ಕಳ ಹಾಸ್ಟೆಲ್. ಸಲಹೆಗಾರರು ಎಂದು ಕರೆಸಿಕೊಳ್ಳುತ್ತಿದ್ದ ಅಧ್ಯಾಪಕರ ಕಚೇರಿಗಳೂ ಆ ಕಟ್ಟಡದಲ್ಲೇ ಇದ್ದವು. ಪಠ್ಯಕ್ರಮ ಎರಡೇ ವರ್ಷದ್ದು. ಮೊದಲ ವರ್ಷ ಪೂರ್ತಿ ಕ್ರಿ.ಪೂ. ಐದನೆಯ ಶತಮಾನದ ಅಥೆನ್ಸ್; ಎರಡನೆಯ ವರ್ಷ ಆಧುನಿಕ ಅಮೆರಿಕ. ಇತಿಹಾಸ, ಅರ್ಥಶಾಸ್ತ್ರ, ಸಾಹಿತ್ಯ ಎಂಬ ಬೇರೆ ಬೇರೆ ವಿಷಯಗಳೇ ಇರಲಿಲ್ಲ. ಥುಸಿಡಿಡೀಸ್‌ನ ಯುದ್ಧಚರಿತ್ರೆ, ಸಾಫೊಕ್ಲೀಸ್‌ನ ದುರಂತ ನಾಟಕ, ಪ್ಲೇಟೊನ ‘ರಿಪಬ್ಲಿಕ್’ ಎಲ್ಲವೂ ಒಂದೇ ನಾಗರಿಕತೆಯನ್ನು ಅರಿಯುವ ದಾರಿಗಳು. ಪ್ರತಿಯೊಬ್ಬನೂ ವಾರಕ್ಕೊಮ್ಮೆ ತಾನು ಬರೆದದ್ದನ್ನು ಹಿಡಿದು ಸಲಹೆಗಾರನ ಎದುರು ಒಬ್ಬನೇ ಕೂತು ಚರ್ಚಿಸಬೇಕಿತ್ತು. ಆರು ವಾರಕ್ಕೊಮ್ಮೆ ಸಲಹೆಗಾರ ಬದಲಾಗುತ್ತಿದ್ದ. ಒಬ್ಬನೇ ಗುರುವಿನ ಮಾತಿಗೆ ಹುಡುಗ ಜೋತುಬೀಳಬಾರದೆಂಬ ಎಚ್ಚರ ಅದರಲ್ಲಿತ್ತು. ಎರಡು ವರ್ಷ ಮುಗಿಯುವವರೆಗೆ ಅಂಕಗಳೂ ಇಲ್ಲ.

ಇಷ್ಟು ಓದಿದ ಮೇಲೆ ಹಾಸ್ಟೆಲ್ಲಿನ ಪಾತ್ರ ತಾನಾಗಿ ಸ್ಪಷ್ಟವಾಗುತ್ತದೆ. ಊಟದ ಮೇಜಿನಲ್ಲಿ ಪಕ್ಕಕ್ಕೆ ಕೂತವನೂ ಆ ವಾರ ಅದೇ ನಾಟಕವನ್ನು ಓದುತ್ತಿದ್ದ, ಎದುರು ಕೋಣೆಯವನೂ ಅದರ ಬಗ್ಗೆಯೇ ಬರೆಯುತ್ತಿದ್ದ. ಹೀಗಾಗಿ ತರಗತಿಯ ವಾದ ತರಗತಿಯಲ್ಲಿ ಮುಗಿಯುವಂತಿರಲಿಲ್ಲ. ವಿದ್ಯಾರ್ಥಿಗಳು ತಾವೇ ಅರಿಸ್ಟೊಫನೀಸ್‌ನ ಹಾಸ್ಯನಾಟಕ ಆಡಿದರು. ಅಥೀನಾ ದೇವಿಯ ಗೂಬೆಯ ಚಿಹ್ನೆಯುಳ್ಳ ಕೋಟು ತೊಟ್ಟು ಓಡಾಡಿದರು.

ನನ್ನ ಮಟ್ಟಿಗೆ ಈ ಪ್ರಯೋಗದ ಅತ್ಯಂತ ಬೆಲೆಯುಳ್ಳ ಭಾಗ ಎರಡು ವರ್ಷಗಳ ನಡುವಿನ ಬೇಸಿಗೆ ರಜೆಯಲ್ಲಿದೆ. ವಿದ್ಯಾರ್ಥಿ ತನ್ನ ಊರನ್ನೋ ಸೀಮೆಯನ್ನೋ ಆರಿಸಿಕೊಂಡು ಅದರ ಮೇಲೆ ದೀರ್ಘ ಪ್ರಬಂಧವೊಂದನ್ನು ಸಿದ್ಧಪಡಿಸಬೇಕಿತ್ತು. ಅಲ್ಲಿನ ನೆಲ, ದುಡಿಮೆ, ರಾಜಕೀಯ, ಶಾಲೆ, ಧರ್ಮ ಎಲ್ಲವನ್ನೂ ಒಂದರ ಜೊತೆ ಇನ್ನೊಂದನ್ನು ಕೂಡಿಸಿ ನೋಡುವ ಕೆಲಸ ಅದು. ಅಮೆರಿಕದ ಸಣ್ಣ ಪಟ್ಟಣವೊಂದನ್ನು ಕುರಿತು ಲಿಂಡ್ ದಂಪತಿಗಳು ಬರೆದ ‘ಮಿಡಲ್‌ಟೌನ್’ 1929ರಲ್ಲಿ ಬಂದ ಮೇಲೆ ಅದೇ ಇವರಿಗೆ ಮಾದರಿಯಾಯಿತು. ವರ್ಷವಿಡೀ ಅಥೆನ್ಸ್ ಎಂಬ ಒಂದು ನಗರವನ್ನು ಇಡಿಯಾಗಿ ನೋಡಿ ಪಳಗಿದ ಕಣ್ಣಿನಿಂದ ತನ್ನೂರನ್ನು ನೋಡುವುದೆಂದರೆ ಅದೊಂದು ಅಪೂರ್ವ ಶಿಕ್ಷಣ. ಗ್ರೀಕರನ್ನು ಓದಿಸಿದ್ದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಈ ಪ್ರಬಂಧದಲ್ಲೇ ಇತ್ತು. ನಮ್ಮ ಸ್ನಾತಕೋತ್ತರ ವಿಭಾಗಗಳಲ್ಲಿ ಕ್ಷೇತ್ರಕಾರ್ಯಕ್ಕೆ ಕಳಿಸುವಾಗಲೂ ಇಷ್ಟು ಪೂರ್ವಸಿದ್ಧತೆ ಅಪರೂಪ.

ಕೊರತೆಗಳು ಕಣ್ಣಿಗೆ ಹೊಡೆಯುವಂತಿವೆ. ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಪ್ರಜಾಪ್ರಭುತ್ವದ ನಾಗರಿಕರನ್ನು ರೂಪಿಸುತ್ತೇವೆಂದ ಕಾಲೇಜು ಅರ್ಧ ನಾಗರಿಕರನ್ನು ಬಾಗಿಲಾಚೆ ನಿಲ್ಲಿಸಿತು. ಗಂಡಸರ ಹಾಸ್ಟೆಲ್ಲನ್ನು ಆಶ್ರಯಿಸಿದ್ದರಿಂದ ಬಂದ ಮಿತಿ ಅದು. ಕ್ಯಾಂಪಸ್ಸಿನ ಉಳಿದವರಿಂದ ಬೇರೆಯಾಗಿ ಒಂದೆಡೆ ಇದ್ದದ್ದು ಒಳಗಿನ ಒಗ್ಗಟ್ಟನ್ನು ಬೆಳೆಸಿದಂತೆ ಹೊರಗಿನ ಅನುಮಾನವನ್ನೂ ಬೆಳೆಸಿತು. ಹೆಚ್ಚಿನ ವಿದ್ಯಾರ್ಥಿಗಳು ಹೊರರಾಜ್ಯದವರು, ನ್ಯೂಯಾರ್ಕ್ ಮತ್ತು ಷಿಕಾಗೊ ಕಡೆಯ ಯಹೂದಿ ಮನೆತನಗಳ ಹುಡುಗರು ಅವರಲ್ಲಿ ಗಣನೀಯ ಸಂಖ್ಯೆಯಲ್ಲಿದ್ದರು. ಕಮ್ಯುನಿಸ್ಟರು, ಶಿಸ್ತಿಲ್ಲದವರು, ತಲೆ ಬಾಚದವರು ಎಂಬ ದೂರುಗಳಲ್ಲಿ ಯಹೂದಿ ದ್ವೇಷದ ಪಾಲು ಸಣ್ಣದಲ್ಲ. ಕಲಾ ಮತ್ತು ವಿಜ್ಞಾನ ವಿಭಾಗದ ಡೀನ್ ಜಾರ್ಜ್ ಸೆಲ್ಲರಿ ಬಹಿರಂಗವಾಗಿಯೇ ವಿರೋಧಿಸಿದರು. ವಿಸ್ಕಾನ್ಸಿನ್‌ನ ತಂದೆತಾಯಂದಿರು ಮಕ್ಕಳನ್ನು ಸೇರಿಸಲು ಹಿಂಜರಿದರು. ವರ್ಷ ವರ್ಷವೂ ಪ್ರವೇಶ ಇಳಿಯಿತು, ಆರ್ಥಿಕ ಮಹಾಕುಸಿತ ಅದನ್ನು ಇನ್ನಷ್ಟು ಇಳಿಸಿತು. 1932ರಲ್ಲಿ ಕಾಲೇಜು ಮುಚ್ಚಿತು. ಅದೇ ವರ್ಷ ಮೀಕಲ್‌ಜಾನ್ ‘ದಿ ಎಕ್ಸ್‌ಪೆರಿಮೆಂಟಲ್ ಕಾಲೇಜ್’ ಎಂಬ ಪುಸ್ತಕದಲ್ಲಿ ಅದರ ವರದಿಯನ್ನು ಲೋಕದ ಮುಂದಿಟ್ಟರು.

ಮುಂದಿನ ಮೂವತ್ತು ವರ್ಷ ಈ ದಿಕ್ಕಿನಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚು ನಡೆಯಲಿಲ್ಲ. ಎರಡನೆಯ ಮಹಾಯುದ್ಧದಿಂದ ಮರಳಿದ ಯೋಧರಿಗೆ ಸರ್ಕಾರ ಶಿಕ್ಷಣದ ಖರ್ಚು ಕೊಟ್ಟಿದ್ದರಿಂದ ಕಾಲೇಜುಗಳು ತುಂಬಿ ತುಳುಕಿದವು. ಹಾಸಿಗೆಗಳ ಲೆಕ್ಕವೇ ಮುಖ್ಯವಾಯಿತು.

1960ರ ದಶಕದಲ್ಲಿ ಪರಂಪರೆ ಎರಡು ಕವಲಾಗಿ ಒಡೆಯಿತು. ಒಂದು ವಸತಿಯ ಕವಲು. ಮಿಷಿಗನ್ ವಿಶ್ವವಿದ್ಯಾಲಯ 1967ರಲ್ಲಿ ತನ್ನ ಹಾಸ್ಟೆಲ್ ಸಂಕೀರ್ಣದೊಳಗೇ ‘ರೆಸಿಡೆನ್ಷಿಯಲ್ ಕಾಲೇಜ್’ ತೆರೆಯಿತು. ಸಾವಿರಾರು ಮಂದಿಯ ಕ್ಯಾಂಪಸ್ಸಿನಲ್ಲಿ ಹುಡುಗರು ಕಳೆದುಹೋಗದಂತೆ ನೋಡಿಕೊಳ್ಳುವುದು ಇಂಥ ಕಾಲೇಜುಗಳ ದೊಡ್ಡ ಕಾಳಜಿ, ಮತ್ತು ಅದು ಸಾಚಾ ಕಾಳಜಿ. ಆದರೆ ತೊಂಬತ್ತರ ದಶಕದಿಂದ ಹಾಸ್ಟೆಲ್ ಮಹಡಿಗಳಲ್ಲಿ ಹುಟ್ಟಿಕೊಂಡ ವಿಷಯಾಧಾರಿತ ಸಮುದಾಯಗಳ ಹೊತ್ತಿಗೆ ಒಂದೇ ಮಹಡಿಯವರ ನಡುವಿನ ಸಮಾನ ಓದು ಹಲವೆಡೆ ವಾರಕ್ಕೊಂದು ಸಣ್ಣ ತರಗತಿಯಷ್ಟಕ್ಕೆ ಕುಗ್ಗಿತ್ತು. ಉಳಿದ ಕೋರ್ಸುಗಳಿಗೆ ಒಬ್ಬೊಬ್ಬರು ಒಂದೊಂದು ದಿಕ್ಕು. ಎಲಿಯಟ್ ಕಾಲದ ಪಠ್ಯಕ್ರಮವೇ ಹೊಸ ಹಾಸ್ಟೆಲ್ಲಿನೊಳಗೆ ಮುಂದುವರಿದಂತೆ.

ಇನ್ನೊಂದು ಕವಲು ಓದಿನದು. ಮೀಕಲ್‌ಜಾನ್‌ರ ಶಿಷ್ಯ ಜೋಸೆಫ್ ಟಸ್‌ಮನ್ 1965ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಎರಡು ವರ್ಷದ ಸಮಾನ ಪಠ್ಯಕ್ರಮವನ್ನು ಮತ್ತೆ ಆರಂಭಿಸಿದರು. ಗ್ರೀಸ್, ಹದಿನೇಳನೆಯ ಶತಮಾನದ ಇಂಗ್ಲೆಂಡ್, ಆಮೇಲೆ ಅಮೆರಿಕ. ಅಲ್ಲಿ ಹಾಸ್ಟೆಲ್ಲೇ ಇರಲಿಲ್ಲ. ಕ್ಯಾಂಪಸ್ಸಿನ ಪಕ್ಕದ ಹಿಂದೆ ವಿದ್ಯಾರ್ಥಿಗಳ ಫ್ರಾಟರ್ನಿಟಿಯೊಂದಕ್ಕೆ ಸೇರಿದ್ದ ಮನೆಯಲ್ಲಿ ಎಲ್ಲರೂ ಸೇರುತ್ತಿದ್ದರು, ರಾತ್ರಿ ತಂತಮ್ಮ ಬಿಡಾರಗಳಿಗೆ ಹೋಗುತ್ತಿದ್ದರು. ಸಹೋದ್ಯೋಗಿಗಳು ಮುಂದುವರಿಸಲು ಬರದೆ 1969ರಲ್ಲಿ ಅದೂ ನಿಂತಿತು. ಆದರೆ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾದಲ್ಲಿ 1971ರಲ್ಲಿ ತೆರೆದ ಎವರ್‌ಗ್ರೀನ್ ಸ್ಟೇಟ್ ಕಾಲೇಜ್ ಈ ಕವಲನ್ನು ಇಡೀ ಕಾಲೇಜಿಗೇ ಹಬ್ಬಿಸಿತು. ಬೇರೆ ಬೇರೆ ಶಾಸ್ತ್ರಗಳ ಇಬ್ಬರು ಮೂವರು ಅಧ್ಯಾಪಕರು ಕೂಡಿ ಒಂದು ಸಮಸ್ಯೆಯ ಸುತ್ತ ಕಾರ್ಯಕ್ರಮ ಹೆಣೆಯುತ್ತಾರೆ. ಅದಕ್ಕೆ ಸೇರಿದವರಿಗೆ ಆ ಅವಧಿಯಲ್ಲಿ ಅದೇ ಪೂರ್ಣಾವಧಿ ಓದು, ಬೇರೆ ಕೋರ್ಸಿನ ಗೋಜಿಲ್ಲ. ಅಂಕದ ಬದಲು ಅಧ್ಯಾಪಕರು ಪ್ರತಿ ವಿದ್ಯಾರ್ಥಿಯ ಕೆಲಸದ ಬಗ್ಗೆ ವಿವರವಾಗಿ ಬರೆದುಕೊಡುತ್ತಾರೆ. ಯಾರು ಕ್ಯಾಂಪಸ್ಸಿನಲ್ಲಿ ಇರಬೇಕು, ಯಾರು ಊರಲ್ಲಿ ಬಾಡಿಗೆಗೆ ಇರಬೇಕು ಎಂಬುದನ್ನು ವಿದ್ಯಾರ್ಥಿಗಳೇ ನಿರ್ಧರಿಸಿಕೊಳ್ಳುತ್ತಾರೆ.