ಬಿಸಿಲು ಕುಡಿದ ಪಾಲು

ಬೇಸಿಗೆಯಲ್ಲಿ ಹೊಂಬಳದ ನಮ್ಮ ಮನೆಯ ಹರವಿಯ ನೀರು ಸಂಜೆಯಾಗುವಷ್ಟರಲ್ಲಿ ಎರಡು ಬೆರಳು ಇಳಿದಿರುತ್ತಿತ್ತು. ಯಾರು ಕುಡಿದರೆಂದು ಕೇಳಿದರೆ ಅವ್ವನದು ಒಂದೇ ಉತ್ತರ: ‘ಬಿಸಲು ಕುಡೀತು.’ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನ ಚರಿತ್ರೆ ಓದುವಾಗ ಆ ಮಾತು ನೆನಪಾಯಿತು.

ಮಾಲ್ಟ್ ವಿಸ್ಕಿ ಶುರುವಾಗುವುದು ಮೊಳಕೆಯಿಂದ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಅದನ್ನು ಒಡೆದು ಬಿಸಿನೀರಿನಲ್ಲಿ ಕಲಸಿದರೆ ಸಿಹಿ ರಸ ಸಿಗುತ್ತದೆ. ಯೀಸ್ಟ್ ಸೇರಿಸಿ ಹುಳಿಸಿದ ಆ ರಸವನ್ನು ತಾಮ್ರದ ಹಂಡೆಗಳಲ್ಲಿ ಎರಡು ಬಾರಿ ಭಟ್ಟಿ ಇಳಿಸಿ, ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಬಣ್ಣ ಬರುವುದು ಅಲ್ಲಿಯೇ, ಪರಿಮಳದ ಬಹುಪಾಲೂ ಅಲ್ಲಿಯದೇ. ಇಟ್ಟಲ್ಲೇ ಪ್ರತಿವರ್ಷ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನವರು ಅದನ್ನು ‘ದೇವದೂತರ ಪಾಲು’ ಎನ್ನುತ್ತಾರೆ.

ಅಲ್ಲಿನ ತಂಪಿನಲ್ಲಿ ಆ ಪಾಲು ವರ್ಷಕ್ಕೆ ಶೇಕಡಾ 2ರಷ್ಟು. ಬೆಂಗಳೂರಿನಲ್ಲಿ ಶೇಕಡಾ 10ಕ್ಕೂ ಹೆಚ್ಚು. ಲೆಕ್ಕ ಹಾಕಿ ನೋಡಿದೆ: 200 ಲೀಟರಿನ ಪೀಪಾಯಿಯಲ್ಲಿ 8 ವರ್ಷದ ನಂತರ ಅಲ್ಲಿ ಸುಮಾರು 170 ಲೀಟರ್ ಉಳಿದರೆ, ಇಲ್ಲಿ 86 ಲೀಟರ್ ಉಳಿದರೆ ಹೆಚ್ಚು. ಆದರೆ ಅದೇ ಬಿಸಿಲು ಹದವನ್ನೂ ಬೇಗ ತರುತ್ತದೆ. ನಾಲ್ಕೈದು ವರ್ಷಕ್ಕೇ ವಿಸ್ಕಿ ಮಾಗುತ್ತದೆ.

ಈ ಬಿಸಿಲಿಗೆ ಬೆಲೆ ಬಂದದ್ದು ತಡವಾಗಿ. ಜೆ.ಎನ್. ರಾಧಾಕೃಷ್ಣ ರಾವ್ ಜಗದಾಳೆ ಅಮೃತ್ ಸ್ಥಾಪಿಸಿದ್ದು 1948ರಲ್ಲಿ. ಆಗಿನಿಂದ ದಶಕಗಳ ಕಾಲ ನಮ್ಮ ವಿಸ್ಕಿಗಳು ಹೆಚ್ಚಾಗಿ ಕಬ್ಬಿನ ಕಾಕಂಬಿಯ ಮದ್ಯಸಾರದಿಂದ ತಯಾರಾಗಿ, ಪರದೇಶದ ಹೆಸರು ಹೊತ್ತು ಮಾರಾಟವಾದವು. ಬೆಂಗಳೂರಿನದೇ ಖೋಡೆ ಕಂಪನಿ 1968ರಲ್ಲಿ ‘ಪೀಟರ್ ಸ್ಕಾಟ್’ ತಂದಿತು. ಆ ಹೆಸರಿಗೆ ಸ್ಕಾಚ್ ವಿಸ್ಕಿ ಸಂಘ 1986ರಲ್ಲಿ ತಕರಾರು ತೆಗೆಯಿತು. 2008ರಲ್ಲಿ ಸುಪ್ರೀಂ ಕೋರ್ಟ್ ಖೋಡೆಯವರ ಪರ ತೀರ್ಪಿತ್ತಿತು. ತಕರಾರು ತಡವಾಯಿತೆಂಬುದು ಮುಖ್ಯ ಕಾರಣಗಳಲ್ಲೊಂದು.

ಆ ವ್ಯಾಜ್ಯ ನಡೆಯುತ್ತಿದ್ದಾಗಲೇ, 2004ರ ಆಗಸ್ಟ್‌ನಲ್ಲಿ, ನೀಲಕಂಠ ರಾವ್ ಜಗದಾಳೆ ಮೈಸೂರು ರಸ್ತೆಯ ಕಂಬೀಪುರದಲ್ಲಿ ಮಾಗಿದ ಸಿಂಗಲ್ ಮಾಲ್ಟನ್ನು ಗ್ಲಾಸ್ಗೋ ನಗರದಲ್ಲೇ ಬಿಡುಗಡೆ ಮಾಡಿದರು. ಸ್ಕಾಟ್ಲೆಂಡಿನಲ್ಲಿ ಭಟ್ಟಿಯಿಳಿದು, ಅಲ್ಲೇ ಕನಿಷ್ಠ 3 ವರ್ಷ ಪೀಪಾಯಿಯಲ್ಲಿ ಕಳೆದದ್ದಕ್ಕೆ ಮಾತ್ರ ಸ್ಕಾಚ್ ಎಂಬ ಹೆಸರು. ಇದು ಸ್ಕಾಚ್ ಅಲ್ಲ, ಹಾಗೆ ಹೇಳಿಕೊಳ್ಳಲೂ ಇಲ್ಲ. ಸೀಸೆಯ ಮೇಲಿದ್ದ ಹೆಸರು ‘ಅಮೃತ್’. ಭಾರತದ ಬಾರ್ಲಿಗೆ ಸ್ಕಾಟ್ಲೆಂಡಿನ ಹೊಗೆವಾಸನೆಯ ಬಾರ್ಲಿ ಕೂಡಿದ ‘ಫ್ಯೂಷನ್’ ಅನ್ನು ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ‘ವಿಸ್ಕಿ ಬೈಬಲ್’ನಲ್ಲಿ ಜಗತ್ತಿನ ಮೂರನೆಯ ಶ್ರೇಷ್ಠ ವಿಸ್ಕಿ ಎಂದರು.

2013ರಲ್ಲಿ ಅಮೃತ್ 8 ವರ್ಷ ಮಾಗಿದ ವಿಸ್ಕಿಯೊಂದನ್ನು ಹೊರತಂದಿತು. ಅದಕ್ಕಿಟ್ಟ ಹೆಸರು ‘ಗ್ರೀಡಿ ಏಂಜಲ್ಸ್’, ಅಂದರೆ ಆಸೆಬುರುಕ ದೇವದೂತರು. ಒಂದು ಕಾಲಕ್ಕೆ ಸ್ಕಾಟ್ಲೆಂಡಿನ ಹೆಸರು ಎರವಲು ತಂದ ಊರು, ಕೊನೆಗೆ ತನ್ನ ಬಿಸಿಲು ಕುಡಿದ ಪಾಲನ್ನೇ ಹೆಸರಾಗಿ ಬರೆದುಕೊಂಡಿತು.